ಬಲಗಡೆಯ ಹೂವು

ನಮ್ಮ ಮನೆಗೆ ಯಾರಾದರೂ ಒಳ್ಳೆಯ ಸುದ್ದಿ ತಂದರೆ ಅಪ್ಪಾಜಿ ಕೇಳುತ್ತಿದ್ದುದು ಒಂದೇ ಪ್ರಶ್ನೆ.

"ಇದ್ರಲ್ಲಿ ಅವ್ರಿಗೇನು?"

ಅದಕ್ಕೆ ಉತ್ತರ ಸಿಗುವ ತನಕ ಸುದ್ದಿ ಹೊಸಿಲಾಚೆಯೇ ಕಾಯಬೇಕು. ಚಾಮರಾಜಪೇಟೆಯ ಆ ಮನೆಯ ಬೀದಿ ಬಾಗಿಲಿಗೆ ಎರಡು ಚಿಲಕ, ಒಂದು ಅಗುಳಿ. ಪಡಸಾಲೆಯಲ್ಲಿ ಅಪ್ಪಾಜಿಯ ಬೆತ್ತದ ಕುರ್ಚಿ ಹಾಕಿದ್ದ ಜಾಗವೂ ಯೋಚಿಸಿ ಹಾಕಿದ್ದು: ಅಲ್ಲಿ ಕೂತರೆ ಗೇಟು ಕಾಣುತ್ತದೆ, ಗೇಟಿನಲ್ಲಿ ನಿಂತವರಿಗೆ ಕೂತವರು ಕಾಣುವುದಿಲ್ಲ. ಪಕ್ಕದ ಮನೆಯವರು ತಮ್ಮ ಮರದ ಮಾವಿನಹಣ್ಣು ಕಳಿಸಿದರೆ, ಹೋದ ವರ್ಷ ಕೊಡದವರು ಈ ವರ್ಷ ಯಾಕೆ ಕೊಟ್ಟರು ಎಂಬ ವಿಚಾರಣೆ ಶುರುವಾಗುತ್ತಿತ್ತು. ಎರಡು ದಿನದೊಳಗೆ ಅವರು ಏನಾದರೂ ಸಹಾಯ ಕೇಳಿಕೊಂಡು ಬಂದರೆ ಅಪ್ಪಾಜಿಗೆ ನೆಮ್ಮದಿ. ಬರದೇ ಹೋದರೆ ಇನ್ನೂ ದೊಡ್ಡದೇನೋ ಇದೆ ಎಂದರ್ಥ. ಅಷ್ಟು ಹೊತ್ತಿಗೆ ಹಣ್ಣು ಕೊಳೆತಿರುತ್ತಿತ್ತು. ಅಮ್ಮ ಕಲಾಸಿಪಾಳ್ಯದಿಂದ ತಂದ ತರಕಾರಿ ಚೀಲವನ್ನು ಪಡಸಾಲೆಯಲ್ಲೇ ಬುಡಮೇಲು ಮಾಡಿಸುತ್ತಿದ್ದರು, ಮೇಲೆ ಒಳ್ಳೆಯ ಬದನೆಕಾಯಿ ತೋರಿಸಿ ಕೆಳಗೆ ಹುಳುಕು ತುಂಬಿಸುತ್ತಾರೆಂದು. ಹುಳುಕು ಸಿಕ್ಕ ದಿನ ಅವರ ಮುಖದಲ್ಲಿ ಕಾಣುತ್ತಿದ್ದ ಖುಷಿ ನನ್ನ ಮಾರ್ಕ್ಸ್ ಕಾರ್ಡು ನೋಡಿದಾಗಲೂ ಕಾಣುತ್ತಿರಲಿಲ್ಲ. ಇವತ್ತು ಇದ್ದಿದ್ದರೆ ಅವರು ನನ್ನ ಮೊಬೈಲು ನೋಡಿ ಧನ್ಯರಾಗುತ್ತಿದ್ದರು. ದಿನಾ ಯಾರೋ ಒಬ್ಬರು ಫೋನ್ ಮಾಡಿ ನಿಮಗೆ ಬಹುಮಾನ ಬಂದಿದೆ, ಈ ಲಿಂಕ್ ಒತ್ತಿ ಎನ್ನುತ್ತಾರೆ. ನಾನು ಅಪ್ಪಾಜಿಯ ಮಗಳೇ, ಇದುವರೆಗೆ ಒತ್ತಿಲ್ಲ.

ಕಾಟನ್‌ಪೇಟೆಯಲ್ಲಿ ನಮ್ಮದು ದರ್ಜಿಗಳಿಗೆ ಬೇಕಾದ ಸಾಮಾನಿನ ಅಂಗಡಿ. ದಾರದ ಉಂಡೆ, ಗುಂಡಿ, ಹುಕ್ಕು, ಕಾಲರಿಗೆ ಹಾಕುವ ಕ್ಯಾನ್ವಾಸು, ಲೈನಿಂಗ್ ಬಟ್ಟೆ. ಪಕ್ಕದ ಅಂಗಡಿಯವರು ವ್ಯಾಪಾರ ಬಿಟ್ಟು ಊರಿಗೆ ಹೊರಟಾಗ, ತಮ್ಮ ಜಾಗವನ್ನು ಅಪ್ಪಾಜಿಯೇ ತೆಗೆದುಕೊಂಡು ಅಂಗಡಿ ದೊಡ್ಡದು ಮಾಡಿಕೊಳ್ಳಲಿ ಎಂದು ಎರಡು ಸಲ ಮನೆಗೆ ಬಂದು ಹೇಳಿದರು. ಎರಡನೆಯ ಸಲ ಬಂದದ್ದೇ ತಪ್ಪಾಯಿತು. ಅಷ್ಟು ಒಳ್ಳೆಯ ಜಾಗವಾದರೆ ಎರಡೆರಡು ಸಲ ಯಾಕೆ ಕರೆಯುತ್ತಾರೆ? ಜಾಗ ಬೇರೆಯವರ ಪಾಲಾಯಿತು. ಆಮೇಲೆ ದಿನಾ ಬೆಳಿಗ್ಗೆ ನಮ್ಮ ಅಂಗಡಿಯ ಬಾಗಿಲು ತೆಗೆಯುವಾಗ ಅಪ್ಪಾಜಿ ಆ ಕಡೆ ತಿರುಗಿ, ಯುಗಾದಿಯೊಳಗೆ ಇವನು ಬಾಗಿಲು ಹಾಕುತ್ತಾನೆ ಎನ್ನುತ್ತಿದ್ದರು. ಎಷ್ಟೋ ಯುಗಾದಿ ಬಂದು ಹೋದವು. ಅವನು ಮೇಲೆ ಎರಡು ಮಹಡಿ ಕಟ್ಟಿಸಿದ.

ಆದರೆ ಅಪ್ಪಾಜಿ ತಾವಾಗಿ ಯಾವುದನ್ನೂ ಬೇಡ ಎನ್ನುತ್ತಿರಲಿಲ್ಲ. ಕೊನೆಯ ಮಾತು ದೇವರದು. ನಡುಮನೆಗೂ ಅಡುಗೆಮನೆಗೂ ಮಧ್ಯೆ ಕಿಟಕಿಯಿಲ್ಲದ ಒಂದು ಪುಟ್ಟ ದೇವರ ಮನೆಯಿತ್ತು. ಅಲ್ಲಿ ಮುತ್ತಜ್ಜನ ಕಾಲದ ವೀರಭದ್ರನ ಹಿತ್ತಾಳೆ ಮುಖ, ಕಿವಿಯ ತನಕ ಮೀಸೆ. ಏನಾದರೂ ತೀರ್ಮಾನ ಆಗಬೇಕಿದ್ದರೆ ಸೋಮವಾರ ಬೆಳಿಗ್ಗೆ ಅವನ ಹತ್ತಿರ ಹೂ ಕೇಳುವುದು. ಎರಡು ಬಿಳಿ ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ಅವನ ಎರಡು ಕೆನ್ನೆಗೂ ಅಂಟಿಸಬೇಕು. ಅಪ್ಪಾಜಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಎದುರಿಗೆ ನಿಂತು, ಆಗುವುದಾದರೆ ಬಲಗಡೆ ಕೊಡು, ಬೇಡವಾದರೆ ಎಡಗಡೆ ಕೊಡು ಎಂದು ಕೇಳಿ ಕಣ್ಣು ಮುಚ್ಚುವರು. ಯಾವ ಕಡೆಯ ಹೂವು ಮೊದಲು ಬೀಳುತ್ತದೋ ಅದೇ ಉತ್ತರ. ಕೇಳಿದ ಮೇಲೆ ಕಣ್ಣು ಬಿಟ್ಟುಕೊಂಡು ನಿಲ್ಲುವುದು ದೇವರ ಮೇಲೆ ಅನುಮಾನ ಪಟ್ಟಂತೆ ಎಂಬುದು ನಮ್ಮ ಅಜ್ಜನ ಕಾಲದ ಕಟ್ಟಳೆ. ಬದನೆಕಾಯಿಯನ್ನೂ ನಂಬದ ಮನುಷ್ಯ ಅಲ್ಲಿ ಮಾತ್ರ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹಿಂದೆ ನಿಂತ ನಾವೂ ಮುಚ್ಚಬೇಕು. ಕಣ್ಣು ತೆರೆದಿರುತ್ತಿದ್ದುದು ಗೌರತ್ತೆಯದು ಮಾತ್ರ.

ಗೌರತ್ತೆ ಅಪ್ಪಾಜಿಯ ತಂಗಿ. ಮದುವೆಯಾಗಿ ಮೂರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮನೆಯಲ್ಲಿ ಅವಳದೆಂದು ಇದ್ದುದು ಒಂದು ಟ್ರಂಕು, ಮತ್ತು ದೇವರ ಮನೆಯ ಹೂವಿನ ಬುಟ್ಟಿ. ಹಿತ್ತಲಿನ ಕಣಗಿಲೆ ಕೊಯ್ಯುವವಳು ಅವಳು, ಅಂಟಿಸುವವಳು ಅವಳು, ಬಿದ್ದದ್ದು ಯಾವ ಕಡೆ ಎಂದು ನೋಡಿ ಹೇಳುವವಳೂ ಅವಳೇ. ಬಾಯಿ ಬಲು ಚುರುಕು. ನನ್ನ ಹೆಸರು ಸರ್ವಮಂಗಳ. ಅವಳ ಬಾಯಲ್ಲಿ ನಾನು ಮಂಗಳಿ.

ನಮ್ಮ ದೇವರು ಎಡಗೈ ದೇವರು. ಪಕ್ಕದ ಅಂಗಡಿಗೆ ಎಡ. ಅಂಗಡಿಗೆ ಟೆಲಿಫೋನ್ ಹಾಕಿಸಲು ಎಡ. ಅಮ್ಮನಿಗೂ ಒಂದು ಸಲ ಎಡವೇ ಆಯಿತು. ಆಗ ನನಗೆ ಆರೇಳು ವರ್ಷ. ನಮ್ಮ ಹಿತ್ತಲ ಗೋಡೆಯಾಚೆ ಹೊಸದಾಗಿ ಒಂದು ಶಿಶುವಿಹಾರ ಶುರುವಾಗಿತ್ತು. ಅಮ್ಮ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದವಳು, ಹಾಡು ಬರುತ್ತಿತ್ತು. ಅವಳನ್ನು ಟೀಚರಾಗಿ ಕಳಿಸಿ ಎಂದು ಅಲ್ಲಿಯ ಹಿರಿಯ ಹೆಂಗಸೊಬ್ಬರು ಬಂದು ಅಪ್ಪಾಜಿಯನ್ನು ಕೇಳಿದರು. ಆ ಸೋಮವಾರಕ್ಕೆಂದು ಅಮ್ಮ ಹಿಂದಿನ ದಿನವೇ ತಲೆಗೆ ಎಣ್ಣೆ ಹಾಕಿಕೊಂಡು ಎರೆದುಕೊಂಡಿದ್ದಳು. ಎಡಗಡೆ ಎಂದಳು ಅತ್ತೆ. ಅಂದಿನಿಂದ ಅಮ್ಮ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಗೋಡೆಯಾಚೆ ಮಕ್ಕಳ ಪ್ರಾರ್ಥನೆ ಶುರುವಾಗುತ್ತಿದ್ದಂತೆ ಅಡುಗೆಮನೆಯ ಕಿಟಕಿ ಮುಚ್ಚುವಳು. ಹೊಗೆ ತುಂಬಿಕೊಳ್ಳುತ್ತದೆ ಎಂದು ಅತ್ತೆ ತೆಗೆಯುವಳು. ಅಮ್ಮ ಮತ್ತೆ ಮುಚ್ಚುವಳು. ಇಬ್ಬರೂ ಮಾತಾಡದೆ ಹೀಗೆ ತೆಗೆದು ಮುಚ್ಚಿ ಮಾಡುವುದನ್ನು ನೋಡಿ, ಅದೊಂದು ಆಟವೆಂದು ನಾನು ನಗುತ್ತಿದ್ದೆ.

ಅನುಮಾನ ನನಗೆ ಅಪ್ಪಾಜಿಯಿಂದ ಬಂದ ಆಸ್ತಿ. ಹತ್ತು ಹನ್ನೊಂದು ವರ್ಷಕ್ಕೆ ಅದು ದೇವರ ಮನೆಗೂ ನುಗ್ಗಿತು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಿತ್ತಾಳೆ ಚೊಂಬು ಬೋರಲು ಹಾಕಿ, ಎರಡೂ ಕಡೆ ಕಣಗಿಲೆ ಅಂಟಿಸಿ, ಮುಂದೆ ಕುಕ್ಕರಗಾಲಲ್ಲಿ ಕೂತು ಕಾದೆ. ಎರಡು ಮೂರು ಮಧ್ಯಾಹ್ನದಲ್ಲಿ ಗುಟ್ಟು ಗೊತ್ತಾಯಿತು. ನೀರು ಹೆಚ್ಚಿದ್ದ ಹೂವು ಗಟ್ಟಿಯಾಗಿ ಕೂರುತ್ತದೆ. ಅರ್ಧ ಒರೆಸಿ ತೆಳ್ಳಗೆ ಅಂಟಿಸಿದ್ದು ಬೇಗ ಜಾರುತ್ತದೆ. ಅಂದರೆ ಬೇಕು ಬೇಡ ಹೇಳುತ್ತಿದ್ದವನು ವೀರಭದ್ರನಲ್ಲ, ಅಂಟಿಸಿದ ಕೈ. ಆವತ್ತಿನಿಂದ ನಾನು ಅತ್ತೆಯನ್ನು ಬೇರೆಯೇ ಕಣ್ಣಿಂದ ನೋಡತೊಡಗಿದೆ. ಅವಳು ತುಪ್ಪ ಬಡಿಸಿದರೂ ಇದರಲ್ಲಿ ಇವಳಿಗೇನು ಎಂದುಕೊಳ್ಳುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಗೊತ್ತಿದ್ದದ್ದನ್ನು ತಕ್ಷಣ ಹೇಳಬಾರದು ಎನ್ನುವುದನ್ನೂ ಆ ಮನೆಯೇ ಕಲಿಸಿತ್ತು.

ನನಗೆ ಒಂದು ಹುಚ್ಚಿತ್ತು, ಬಟ್ಟೆ ಕತ್ತರಿಸುವುದು. ಹಳೆಯ ಪೇಪರಿನಲ್ಲಿ ಅಮ್ಮನ ರವಿಕೆಯ ಅಳತೆ ಕತ್ತರಿಸಿ, ಅಂಗಡಿಯಲ್ಲಿ ಉಳಿದ ಚೂರುಗಳಿಗೆ ಇಟ್ಟು ನೋಡುತ್ತಿದ್ದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ರಜೆಯಲ್ಲಿ ಅಪ್ಪಾಜಿಗೆ ಊಟದ ಕ್ಯಾರಿಯರ್ ಕೊಡಲು ಅಂಗಡಿಗೆ ಹೋಗಿದ್ದಾಗ, ವೈಯಾಲಿಕಾವಲಿನಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದ ವಿಮಲಾ ಟೀಚರ್ ಲೈನಿಂಗ್ ಬಟ್ಟೆ ಅಳೆಸುತ್ತಿದ್ದರು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಇದು ಕುಗ್ಗುತ್ತೆ ಮೇಡಂ. ಒಂದ್ ರಾತ್ರಿ ನೆನೆಸಿ, ಒಣಗ್ಸಿ, ಆಮೇಲೆ ಕಟ್ ಮಾಡಿ. ಇಲ್ದಿದ್ರೆ ರವಿಕೆ ತೋಳು ಎಳೆಯುತ್ತೆ."

ಗಿರಾಕಿಯ ಮುಂದೆ ಅಂಗಡಿಯ ಮಾಲಿನ ಹುಳುಕು ಹೇಳಿದ ಮಗಳನ್ನು ಅಪ್ಪಾಜಿ ನೋಡಿದ ನೋಟ ಈಗಲೂ ಬೆನ್ನ ಮೇಲಿದೆ. ಟೀಚರ್ ಮಾತ್ರ ನನ್ನನ್ನು ಕೂರಿಸಿಕೊಂಡು ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಮುಂದಿನ ಶನಿವಾರ ಮನೆಗೇ ಬಂದರು. ಮಲ್ಲೇಶ್ವರದಲ್ಲಿ ದೊಡ್ಡ ಕ್ಲಾಸು ತೆಗೆಯುತ್ತಿದ್ದಾರೆ, ಕಟಿಂಗ್ ಕಲಿತು ಜೊತೆಗೆ ನಿಲ್ಲುವ ಒಂದು ಹುಡುಗಿ ಬೇಕು. ಕಲಿಸಿದ್ದಕ್ಕೆ ಫೀಸು ಬೇಡ, ದಿನಾ ಕಾಲೇಜು ಮುಗಿಸಿಕೊಂಡು ಬರಲಿ. ಕಲಿತ ಮೇಲೆ ಸಂಬಳ.

"ಇನ್ನೊಂದು ಹುಡ್ಗೀನೂ ಕೇಳ್ತಿದಾಳೆ ಸ್ವಾಮಿ. ನನಗೆ ಈ ಮಗು ಮೇಲೇ ಮನಸ್ಸು. ಸೋಮವಾರ ಸಂಜೆ ಒಳಗೆ ಹೇಳ್ಬಿಡಿ."

ಅಪ್ಪಾಜಿ ಅವರ ಯಜಮಾನರು ಏನು ಮಾಡುತ್ತಾರೆಂದು ಕೇಳಿದರು. ಸರ್ಕಾರಿ ಕೆಲಸ ಎಂದರು. ಊರು ಯಾವುದೆಂದು ಕೇಳಿದರು. ಮನೆದೇವರು ಯಾವುದೆಂದು ಕೇಳಿದರು. ನಮ್ಮ ಮನೇಲಿ ಬುದ್ಧನ ಫೋಟೊ ಒಂದೇ ಇರೋದು ಎಂದು ಟೀಚರ್ ನಗುತ್ತಲೇ ಹೇಳಿದರು. ಅಪ್ಪಾಜಿ ಅಡುಗೆಮನೆ ಕಡೆ ನೋಡಿ ಕೆಮ್ಮಿದರು. ಆ ಕೆಮ್ಮಿನ ಅರ್ಥ ನಮಗೆಲ್ಲ ಗೊತ್ತಿತ್ತು. ಕಾಫಿ ಬಂದದ್ದು ಬಚ್ಚಲ ಹತ್ತಿರದ ಗೂಡಿನಲ್ಲಿ ಬೇರೆಯಾಗಿ ಇಟ್ಟಿರುತ್ತಿದ್ದ ಲೋಟದಲ್ಲಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ದಿನಾ ಸಂಜೆ ಎಲ್ಲರೂ ಒಂದೇ ಎಂದು ವಚನ ಹೇಳಿಕೊಳ್ಳುತ್ತಿದ್ದ ಮನೆ ನಮ್ಮದು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಟೀಚರ್ ಲೋಟ ನೋಡಿದರು. ನಾನು ಕಾಫಿ ಬಿಟ್ಟುಬಿಟ್ಟಿದೀನಮ್ಮ ಎಂದು ಹಾಗೇ ಇಟ್ಟು ಎದ್ದರು.

ಅವರು ಗೇಟು ದಾಟುತ್ತಿದ್ದಂತೆ ಜಗಳ ಹತ್ತಿಕೊಂಡಿತು.

"ಫೀಸು ಬೇಡ ಅಂತಾಳೆ. ಇದ್ರಲ್ಲಿ ಅವ್ಳಿಗೇನು?"

"ಸಹಾಯಕ್ಕೆ ಒಂದು ಜೊತೆ ಅಂತ ಅವ್ರೇ ಹೇಳಿದ್ರಲ್ಲ ಅಪ್ಪಾಜಿ."

"ಹೇಳಿದ್ದು ಅದು. ಹೇಳದೇ ಇರೋದು ಏನು?"

"ಇವ್ಳು ಹೊಲಿಗೆ ಕಲ್ತ್ರೆ ನಮ್ಮ ಅಂಗ್ಡಿಗೇ ಒಳ್ಳೇದಲ್ವೇನ್ರೀ?" ಎಂದಳು ಅಮ್ಮ. ಅವಳು ಅಪ್ಪಾಜಿಗೆ ಎದುರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಸೋಮವಾರ ಕೇಳಣ. ಅವ್ನು ಏನಂತಾನೋ ನೋಡಣ," ಎಂದು ಅಪ್ಪಾಜಿ ಎದ್ದರು.

ಅವನು ಏನೆನ್ನುತ್ತಾನೆ ಎಂದು ನನಗೆ ಗೊತ್ತಿತ್ತು. ಭಾನುವಾರವಿಡೀ ಅದೇ ಯೋಚನೆ. ಕ್ಲಾಸಿನ ಕತ್ತರಿ, ಬಟ್ಟೆ ಹಾಸುವ ದೊಡ್ಡ ಮೇಜು, ದಿನಾ ಹೋಗಲು ನನ್ನದೇ ಒಂದು ಜಾಗ: ಇವು ಇನ್ನೊಬ್ಬ ಹುಡುಗಿಯ ಪಾಲಾಗುತ್ತವೆ, ನಾನು ಅಡುಗೆಮನೆಯಲ್ಲಿ ಕಿಟಕಿ ಮುಚ್ಚುತ್ತ ಕೂರುತ್ತೇನೆ. ಸಂಜೆಯ ಹೊತ್ತಿಗೆ ನಿರ್ಧರಿಸಿದೆ. ಅತ್ತೆಯ ಕೈ ಮಾಡಬಹುದಾದರೆ ನನ್ನ ಕೈ ಯಾಕೆ ಮಾಡಬಾರದು?

ಸೋಮವಾರ ಬೆಳಿಗ್ಗೆ ಅತ್ತೆ ಹೂವು ಅಂಟಿಸಿ, ಕರ್ಪೂರ ತರಲು ನಡುಮನೆಯ ಗೂಡಿನ ಕಡೆ ಹೋದಳು. ಅಪ್ಪಾಜಿ ಇನ್ನೂ ಬಚ್ಚಲಲ್ಲಿದ್ದರು. ನಾನು ಒಳಗೆ ನುಗ್ಗಿ, ಬಲಗಡೆಯ ಹೂವು ಕಿತ್ತು, ಲಂಗದ ಅಂಚಿನಲ್ಲಿ ಒರೆಸಿ, ತೆಳ್ಳಗೆ ಅಂಟಿಸಿದೆ. ಎಡಗಡೆಯದಕ್ಕೆ ಇನ್ನೊಂದು ಹನಿ ನೀರು ಬಿಟ್ಟೆ. ಹೊರಗೆ ಬಂದು ಬಾಗಿಲ ಹತ್ತಿರ ಸಾಧುವಿನ ಹಾಗೆ ನಿಂತೆ. ಅಪ್ಪಾಜಿ ಬಂದರು, ಕೇಳಿದರು, ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಹೂವು ಅಲುಗಿತು. ಜಾರಿತು. ನಾನು ಒರೆಸಿದ ಹೂವೇ ಬಿತ್ತು. ಕುಣಿಯುವುದೊಂದು ಬಾಕಿ. ಆಗ ವೀರಭದ್ರನ ಮೀಸೆ ನೋಡಿದೆ. ಅವನು ನನಗೆ ಎದುರಾಗಿ ಕೂತಿದ್ದಾನೆ. ನನ್ನ ಬಲಗಡೆ ಅವನಿಗೆ ಎಡಗಡೆ. ಬಲ ಎಂದರೆ ದೇವರ ಬಲ, ಅದು ಮನೆಯ ಬೆಕ್ಕಿಗೂ ಗೊತ್ತು. ನಾನು ಅಭ್ಯಾಸ ಮಾಡಿದ್ದು ಚೊಂಬಿನ ಮೇಲೆ, ಚೊಂಬಿಗೆ ಮುಖವಿಲ್ಲ. ಗಾಬರಿಯಲ್ಲಿ ನನ್ನ ಬಲಗೈ ಕಡೆಯದನ್ನೇ ಒರೆಸಿಬಿಟ್ಟಿದ್ದೆ. ನನ್ನ ಬಾಗಿಲನ್ನು ನಾನೇ, ನನ್ನ ಲಂಗದ ಅಂಚಿನಿಂದಲೇ ಮುಚ್ಚಿಕೊಂಡಿದ್ದೆ.

ಅತ್ತೆ ಬಿದ್ದ ಹೂವನ್ನು ನೋಡಿದಳು. ಅದನ್ನು ಬೆರಳಲ್ಲಿ ಎತ್ತಿ ಹಿಸುಕಿ ನೋಡಿದಳು, ಒದ್ದೆಯೇ ಇರಲಿಲ್ಲ. ಕತ್ತು ತಿರುಗಿಸಿ ನನ್ನ ಲಂಗದ ಅಂಚು ನೋಡಿದಳು, ಅಲ್ಲಿ ಒದ್ದೆಯಿತ್ತು. ಮುಗಿಯಿತು ಎಂದುಕೊಂಡೆ.

"ಬಲಗಡೆ ಅಣ್ಣಯ್ಯ. ಬಲಗಡೇನೇ ಕೊಟ್ಟ."

ಅಪ್ಪಾಜಿ ಕಣ್ಣು ತೆರೆಯುವಷ್ಟರಲ್ಲಿ ಹೂವು ಅವರ ಅಂಗೈಯಲ್ಲಿತ್ತು. ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಮುಖದಲ್ಲಿ ಬಸ್ಸು ತಪ್ಪಿದವರ ಪೆಚ್ಚು.

"ಸರಿ, ಕೊಟ್ನಲ್ಲ. ಹೋಗು. ಆದ್ರೆ ಕಣ್ಣು ಬಿಟ್ಕೊಂಡಿರು, ತಿಳೀತಾ?"

ತಿರುಗಿದರೆ ನನ್ನ ಹಿಂದೆ ಅಮ್ಮ. ಕೈಯಲ್ಲಿ ಮಜ್ಜಿಗೆ ಕಡೆಯುವ ಕಡಗೋಲು ಹಾಗೇ ಇತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಅತ್ತೆಯನ್ನು ನೋಡುತ್ತಿದ್ದಳು. ಉಪಕಾರ ನೆನೆಯುತ್ತಿದ್ದಾಳೆ ಎಂದುಕೊಂಡೆ. ಅವಳು ಒಳಗೆ ಹೋಗಿ ಉಪ್ಪಿಟ್ಟು ಮಾಡಿ, ಟೀಚರಿಗೂ ಸೇರಿಸಿ ಡಬ್ಬಿಗೆ ತುಂಬಿ ಕೊಟ್ಟಳು. ಸಂಜೆ ವೈಯಾಲಿಕಾವಲಿಗೆ ಹೋದೆ. ಟೀಚರ್ ಉಪ್ಪಿಟ್ಟು ತಿಂದು, ನನ್ನ ಮುಂದೆಯೇ ಎರಡು ಲೋಟ ಕಾಫಿ ಕುಡಿದರು. ನನಗೂ ಕೊಟ್ಟರು, ತಮ್ಮದರಂಥದೇ ಲೋಟದಲ್ಲಿ.

ಮಾರನೆಯ ದಿನ ಬೆಳಿಗ್ಗೆ ಹೂವಿನ ಬುಟ್ಟಿ ಅಮ್ಮನ ಕೈಯಲ್ಲಿತ್ತು. ಅತ್ತೆಗೆ ಮಂಡಿನೋವು, ನಿಂತು ಕೊಯ್ಯಲು ಆಗುವುದಿಲ್ಲ ಎಂದರು ಇಬ್ಬರೂ, ನಂಬಿದೆವು. ಆಮೇಲೆ ಅಂಟಿಸುವವಳೂ ಅಮ್ಮ, ನೋಡಿ ಹೇಳುವವಳೂ ಅಮ್ಮ. ನಮ್ಮ ದೇವರು ಇದ್ದಕ್ಕಿದ್ದಂತೆ ಉದಾರಿಯಾದ. ಅಂಗಡಿಗೆ ಟೆಲಿಫೋನ್ ಬಂತು. ನನಗೆ ಹೊಲಿಗೆ ಮಿಷನ್ ಬಂತು. ಮಲ್ಲೇಶ್ವರದಲ್ಲಿ ನನ್ನದೇ ಕಟಿಂಗ್ ಕ್ಲಾಸು ತೆರೆಯುವಾಗಲೂ ಬಲಗಡೆಯೇ. ಅಪ್ಪಾಜಿ ಕೊನೆತನಕ ಗೊಣಗುತ್ತಲೇ ಇದ್ದರು: ಇವನು ಹೀಗೆ ಕೊಡೋನಲ್ಲ, ಏನೋ ಇದೆ. ಇಡೀ ಜನ್ಮದಲ್ಲಿ ಅವರ ಅನುಮಾನ ನೂರಕ್ಕೆ ನೂರು ನಿಜವಾದದ್ದು ಅದೊಂದೇ ವಿಷಯದಲ್ಲಿ.

ನನ್ನದೂ ನಿಲ್ಲಲಿಲ್ಲ. ಅತ್ತೆ ನನಗೆ ಮಾಡಿದ ಉಪಕಾರವೇ ನನ್ನನ್ನು ಕೊರೆಯುತ್ತಿತ್ತು. ಎಡಕ್ಕೆ ಬಿದ್ದದ್ದನ್ನು ಅಷ್ಟು ಸಲೀಸಾಗಿ ಬಲ ಎಂದವಳು ಬಲಕ್ಕೆ ಬಿದ್ದದ್ದನ್ನು ಎಷ್ಟು ಸಲ ಎಡ ಎಂದಿರಬಹುದು? ಅಪ್ಪಾಜಿ ಹೋದರು. ಅಮ್ಮನೂ ಹೋದಳು. ಅಮ್ಮ ಹೋದ ಮರುವರ್ಷ, ಅವರೆಕಾಯಿ ಕಾಲದಲ್ಲಿ, ಅದೇ ನಡುಮನೆಯಲ್ಲಿ ಅತ್ತೆಯ ಜೊತೆ ಕಾಯಿ ಬಿಡಿಸುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ.

"ಅತ್ತೆ, ಪಕ್ಕದ ಅಂಗಡಿ ವಿಷಯದಲ್ಲಿ ಹೂವು ನಿಜವಾಗ್ಲೂ ಎಡಕ್ಕೆ ಬಿತ್ತಾ?"

"ಯಾವ ಕಡೆ ಬಿತ್ತೋ ಯಾರಿಗ್ ನೆನಪು? ನಿಮ್ಮಪ್ಪಂಗೆ ಅದು ಬೇಕಿರ್ಲಿಲ್ಲ. ಕೇಳೋವಾಗ ಗಂಟಲು ನಡುಗ್ತಿತ್ತು. ಬೇಡ ಅನ್ನೋಕೂ ಧೈರ್ಯ ಇಲ್ಲ, ತಗೊಳ್ಳೋಕೂ ಧೈರ್ಯ ಇಲ್ಲ. ನಾನು ಎಡ ಅಂದೆ. ಅವತ್ತು ಎರಡು ಸಲ ಊಟ ಬಡಿಸ್ಕೊಂಡು ತಿಂದ."

ನನಗೆ ನಗು ಬಂತು. ನಗುತ್ತಲೇ ಕೇಳಿದೆ.

"ಅಮ್ಮಂದು? ಶಿಶುವಿಹಾರದ್ದು?"

ಅತ್ತೆ ನಗಲಿಲ್ಲ.

"ಅದು ಬಲಕ್ಕೇ ಬಿದ್ದಿತ್ತು."

ನಾನು ಕೈ ನಿಲ್ಲಿಸಿದೆ.

"ಅತ್ತಿಗೆ ಬೆಳಿಗ್ಗೆ ಎದ್ದು ಒಳ್ಳೆ ಸೀರೆ ಉಟ್ಕೊಂಡು ಹೊರಟ್ರೆ ಒಲೆ ಮುಂದೆ ನಾನೊಬ್ಳೇ. ಅಷ್ಟೇ ಕಣೆ. ಬೇರೆ ಏನೂ ಇಲ್ಲ. ನನಗಾಗ ಇಪ್ಪತ್ತಾರು ವರ್ಷ. ಅದಕ್ಕೇ ನಿನ್ನ ಸಲ... ಅಷ್ಟಾದ್ರೂ ಮಾಡಣ ಅಂತ."

ಕೋಪ ಬಂತು. ಎಂಬತ್ತು ದಾಟಿದ ಆ ಮುದುಕಿಯ ಮೇಲೆ ಕೂಗಾಡಬೇಕೆನಿಸಿತು. ಕೂಗಾಡಲು ಆಗಲಿಲ್ಲ, ಯಾಕೆಂದರೆ ನಾನು ಹೊಟ್ಟೆ ಹೊರೆದ ಕತ್ತರಿಯೂ ಅವಳದೇ ಸುಳ್ಳಿನಿಂದ ಬಂದದ್ದು.

"ಅಮ್ಮಂಗೆ ಗೊತ್ತಿತ್ತಾ?"

"ನಿನ್ನ ಸೋಮವಾರ ಅತ್ತಿಗೆ ಕಣ್ಣು ಮುಚ್ಚಿರ್ಲಿಲ್ಲ. ಹೂವು ಎಲ್ಲಿ ಬಿತ್ತು ಅಂತ ನೋಡಿದ್ರು. ನಾನು ಏನಂದೆ ಅಂತ ಕೇಳಿಸ್ಕೊಂಡ್ರು. ಆಮೇಲೆ ಇನ್ನೇನು ಉಳೀತು ತಿಳ್ಕೊಳೋಕೆ? ಮಾರನೇ ದಿನ ಬುಟ್ಟಿ ತಗೊಂಡ್ರು."

ಕಡಗೋಲು ಹಿಡಿದು ನಿಂತಿದ್ದ ಅಮ್ಮನ ಆ ನೋಟ ನೆನಪಾಯಿತು. ಮಗಳಿಗೆ ಬಾಗಿಲು ತೆರೆದ ಗಳಿಗೆಯಲ್ಲೇ, ತನ್ನ ಬಾಗಿಲು ಮುಚ್ಚಿದವರು ಯಾರೆಂದು ಅವಳಿಗೆ ಗೊತ್ತಾಗಿತ್ತು. ಎದುರಿಗೆ ಅತ್ತೆ ಕಾಳನ್ನು ಸಿಪ್ಪೆಯ ಮೊರಕ್ಕೆ, ಸಿಪ್ಪೆಯನ್ನು ಕಾಳಿನ ಪಾತ್ರೆಗೆ ಹಾಕುತ್ತಿದ್ದಳು. ನಾನು ಸರಿಮಾಡಲು ಹೋಗಲಿಲ್ಲ.

"ಆಮೇಲೂ ನಲವತ್ತು ವರ್ಷ ಒಂದೇ ಒಲೆ ಮುಂದೆ ಇದ್ವಿ ಮಂಗಳಿ," ಎಂದಳು ಅತ್ತೆ. "ಒಂದೇ ಒಂದ್ಸಲ ಬೈದಿದ್ರೆ ಸಾಕಿತ್ತು."